ಕರ್ನಲ್ ನಿಧಾನವಾದದ್ದು ಎಲ್ಲಿ, ಯಾವ ಕಮಿಟ್‌ನಿಂದ: ಪರ್ಫ್ ಮತ್ತು ಗಿಟ್ ಬೈಸೆಕ್ಟ್ ವಿಮರ್ಶೆ

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಹಾಕಿದ ಮೇಲೆ ಅದೇ ಯಂತ್ರ, ಅದೇ ಡೇಟಾಬೇಸ್, ಅದೇ ಲೋಡ್ ಇದ್ದೂ ಕೆಲಸ ಶೇ. 10ರಷ್ಟು ಕುಗ್ಗಿದೆ ಎನ್ನಿ. ಉತ್ತರ ತಪ್ಪಾಗಿ ಬರುತ್ತಿಲ್ಲ, ಯಂತ್ರ ನಿಲ್ಲುತ್ತಿಲ್ಲ, ಲಾಗ್‌ನಲ್ಲಿ ಒಂದು ಸಾಲಿನ ಸುಳಿವೂ ಇಲ್ಲ. ಇಂಥ ಪರ್ಫಾರ್ಮೆನ್ಸ್ ರಿಗ್ರೆಷನ್‌ನ (ಹೊಸ ಆವೃತ್ತಿಯಲ್ಲಿ ವೇಗ ಕುಗ್ಗುವುದರ) ಬೇರು ಹಿಡಿಯಲು ಲಿನಕ್ಸ್‌ನಲ್ಲಿ ಕೈಗೆತ್ತಿಕೊಳ್ಳುವ ಸಾಧನಗಳು ಎರಡು: ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ, ಕರ್ನಲ್ ಸೋರ್ಸ್ ಒಳಗೇ ಬರುವ ಪರ್ಫ್; ಮತ್ತು ಕಮಿಟ್‌ಗಳನ್ನು (ಕೋಡ್‌ಗೆ ಒಂದೊಂದಾಗಿ ಸೇರಿದ ಬದಲಾವಣೆಗಳನ್ನು) ಅರ್ಧರ್ಧ ಸೀಳುತ್ತಾ ದೋಷ ತಂದದ್ದನ್ನು ಹುಡುಕುವ ಗಿಟ್‌ನ ಬೈಸೆಕ್ಟ್. ಎರಡೂ ಉಚಿತ, ಎರಡೂ ಹಳಬರು. ಪರ್ಫ್ ಕರ್ನಲ್ ಸೇರಿದ್ದು 2009ರಲ್ಲಿ, 2.6.31ನೇ ಆವೃತ್ತಿಯಲ್ಲಿ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರ್ಫ್‌ನ ಒಳಗಿರುವ ಉಪಕಮಾಂಡ್‌ಗಳ ಗುಣಮಟ್ಟ ಒಂದೇ ಸಮ ಇಲ್ಲ. ಒಟ್ಟು ಎಣಿಕೆ ಕೊಡುವ ಪರ್ಫ್ ಸ್ಟ್ಯಾಟ್ ಮತ್ತು ಯಾವ ಫಂಕ್ಷನ್‌ಗೆ ಸಮಯ ಹೋಯಿತೆಂದು ಮಾದರಿ ಹಿಡಿಯುವ ಪರ್ಫ್ ರೆಕಾರ್ಡ್ ಕಣ್ಣುಮುಚ್ಚಿ ನಂಬಬಹುದಾದಷ್ಟು ಪಕ್ವವಾಗಿವೆ. ಕೋರ್‌ಗಳ ನಡುವಿನ ಕ್ಯಾಶ್ ಎಳೆದಾಟ ತೋರಿಸುವ ಪರ್ಫ್ ಸಿ2ಸಿ ತನ್ನ ಕ್ಷೇತ್ರದಲ್ಲಿ ಸಾಟಿಯಿಲ್ಲದ್ದು. ಹೆಸರು ಕೇಳಿದ ತಕ್ಷಣ ಎಲ್ಲರೂ ಮೊದಲು ಹುಡುಕಿಕೊಂಡು ಹೋಗುವ, ಎರಡು ಪ್ರೊಫೈಲ್‌ಗಳನ್ನು ಹೋಲಿಸುವ ಪರ್ಫ್ ಡಿಫ್ ಮಾತ್ರ ದುರ್ಬಲ. ಬೈಸೆಕ್ಟ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ, ಆದರೆ ಕೊಟ್ಟ ಅಳತೆ ಕೆಟ್ಟಿದ್ದರೆ ಅಷ್ಟೇ ಚೊಕ್ಕವಾಗಿ ಯಾವುದೋ ಅಮಾಯಕ ಕಮಿಟ್‌ನ ಮೇಲೆ ಬೆರಳಿಡುತ್ತದೆ.

ಇನ್‌ಸ್ಟಾಲ್ ಮಾಡುವಾಗಿನ ತೊಡಕುಗಳು

ಫೆಡೋರಾದಲ್ಲಿ ಪ್ಯಾಕೇಜಿನ ಹೆಸರೇ ಪರ್ಫ್, ಡೆಬಿಯನ್‌ನಲ್ಲಿ ಲಿನಕ್ಸ್-ಪರ್ಫ್. ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಅದು ಲಿನಕ್ಸ್-ಟೂಲ್ಸ್ ಪ್ಯಾಕೇಜಿನೊಳಗೆ, ಕರ್ನಲ್ ಆವೃತ್ತಿಗೆ ಗಂಟು ಹಾಕಿಕೊಂಡು ಬರುತ್ತದೆ. ಹಾಗಾಗಿ ಸ್ವಂತ ಕರ್ನಲ್ ಬಿಲ್ಡ್ ಮಾಡಿ ಬೂಟ್ ಮಾಡಿದ ಕ್ಷಣವೇ 'ಈ ಕರ್ನಲ್‌ಗೆ ಪರ್ಫ್ ಸಿಗಲಿಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಕಾರಣ ಸರಳ: ಅಲ್ಲಿ ಪರ್ಫ್ ಹೆಸರಿನಲ್ಲಿರುವುದು ಆವೃತ್ತಿ ನೋಡಿ ನಿಜವಾದ ಬೈನರಿಯನ್ನು ಕರೆಯುವ ಒಂದು ಸ್ಕ್ರಿಪ್ಟ್. ಇದಕ್ಕೆ ಮದ್ದು, ಇತ್ತೀಚಿನ ಸೋರ್ಸ್‌ನ ಟೂಲ್ಸ್ ಡೈರೆಕ್ಟರಿಯಿಂದ ಪರ್ಫ್ ಅನ್ನು ಒಮ್ಮೆ ಮೇಕ್ ಮಾಡಿ, ಆ ಒಂದೇ ಬೈನರಿಯನ್ನು ಎಲ್ಲ ಕರ್ನಲ್‌ಗಳಲ್ಲೂ ಬಳಸುವುದು. ಕರ್ನಲ್ ಜೊತೆಗಿನ ಅದರ ಒಪ್ಪಂದ ಹಿಂದಕ್ಕೂ ಮುಂದಕ್ಕೂ ಹೊಂದಿಕೊಳ್ಳುತ್ತದೆ. ಅಳೆಯುವ ಸಾಧನ ಬದಲಾಗದೆ ಇರುವುದರಿಂದ ಅನುಮಾನದ ಒಂದು ಮೂಲವೂ ಕಡಿಮೆಯಾಗುತ್ತದೆ. ಬಿಲ್ಡ್‌ಗೆ ಮೊದಲು ಲಿಬ್‌ಎಲ್ಫ್, ಲಿಬ್‌ಡಿಡಬ್ಲ್ಯೂ, ಲಿಬ್‌ಟ್ರೇಸ್‌ಇವೆಂಟ್ ಮೂರರ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಿ. ಇವಿಲ್ಲದಿದ್ದರೂ ಕೆಲವೊಮ್ಮೆ ಬಿಲ್ಡ್ ಮುಗಿಯುತ್ತದೆ, ಆದರೆ ಸಿಂಬಲ್ (ಫಂಕ್ಷನ್‌ಗಳ ಹೆಸರು) ತೋರದ, ಟ್ರೇಸ್‌ಪಾಯಿಂಟ್ (ಕರ್ನಲ್ ಕೋಡಿನಲ್ಲಿ ಇಟ್ಟಿರುವ ಗುರುತು) ಓದದ ಅರೆಬರೆ ಪರ್ಫ್ ಕೈಗೆ ಬರುತ್ತದೆ.

ರೂಟ್ ಅಲ್ಲದ ಬಳಕೆದಾರರಿಗೆ ಕರ್ನಲ್ ಭಾಗದ ಎಣಿಕೆ ಸಿಗದಂತೆ ಡೀಫಾಲ್ಟ್ ಆಗಿಯೇ ಬೀಗ ಇರುತ್ತದೆ. ಪರ್ಫ್-ಇವೆಂಟ್-ಪ್ಯಾರನಾಯ್ಡ್ ಎಂಬ ಸಿಸ್‌ಕಂಟ್ರೋಲ್ (ಓಡುತ್ತಿರುವ ಕರ್ನಲ್‌ನ ಸೆಟ್ಟಿಂಗ್) ಮೌಲ್ಯವನ್ನು -1ಕ್ಕೆ, ಕರ್ನಲ್ ವಿಳಾಸಗಳನ್ನು ಮರೆಮಾಡುವ ಕೆಪಿಟಿಆರ್-ರಿಸ್ಟ್ರಿಕ್ಟ್ ಅನ್ನು 0ಗೆ ಇಳಿಸಿ. ಇದು ಪರೀಕ್ಷೆಯ ಯಂತ್ರದಲ್ಲಿ ಮಾತ್ರ; ಸೇವೆಯಲ್ಲಿರುವ ಸರ್ವರ್‌ನಲ್ಲಿ ಬೇಡ.

ಮೊದಲು ಅಳತೆ ಸ್ಥಿರವಾಗಬೇಕು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಅತಿ ಕಡಿಮೆ ಸಮಯ ಸಿಗುವುದೂ ಇದಕ್ಕೇ. ಒಂದು ಆವೃತ್ತಿಯಿಂದ ಮುಂದಿನ ಆವೃತ್ತಿಗೆ ಹತ್ತು ಸಾವಿರಕ್ಕೂ ಮಿಕ್ಕಿ ಕಮಿಟ್‌ಗಳು ಇರುವುದರಿಂದ ಬೈಸೆಕ್ಟ್‌ಗೆ ಸುಮಾರು 14 ಹೆಜ್ಜೆ ಬೇಕು. ಪ್ರತಿ ಹೆಜ್ಜೆಯಲ್ಲಿ ನಿಮ್ಮ ತೀರ್ಮಾನ ಸರಿಯಾಗುವ ಸಾಧ್ಯತೆ ಶೇ. 95 ಎಂದಿಟ್ಟುಕೊಳ್ಳಿ. ಹದಿನಾಲ್ಕೂ ಸರಿಯಾಗುವ ಸಾಧ್ಯತೆ ಸುಮಾರು ಶೇ. 49 ಮಾತ್ರ. ಪ್ರತಿ ಹೆಜ್ಜೆಯ ಖಚಿತತೆ ಶೇ. 99ಕ್ಕೆ ಏರಿದರೆ ಅದು ಶೇ. 87 ಆಗುತ್ತದೆ. ಈ ವ್ಯತ್ಯಾಸ ಪೂರ್ತಿ ಅಳತೆಯ ಶಿಸ್ತಿನಿಂದಲೇ ಬರಬೇಕು.

ಪರ್ಫ್ ಸ್ಟ್ಯಾಟ್ ಇದರಲ್ಲಿ ಎತ್ತಿದ ಕೈ. 'ಆರ್' ಆಯ್ಕೆಗೆ 10 ಎಂದು ಕೊಟ್ಟರೆ ಬೆಂಚ್‌ಮಾರ್ಕನ್ನು ಹತ್ತು ಬಾರಿ ಓಡಿಸಿ ಸರಾಸರಿಯ ಜೊತೆಗೆ ಏರುಪೇರಿನ ಶೇಕಡಾವಾರನ್ನೂ ಕೊಡುತ್ತದೆ. ಹಳೆಯ ಮತ್ತು ಹೊಸ ಕರ್ನಲ್‌ಗಳ ಸರಾಸರಿಗಳ ನಡುವಿನ ಅಂತರ ಓಟದಿಂದ ಓಟಕ್ಕಿರುವ ಏರುಪೇರಿನ ಕನಿಷ್ಠ ಮೂರು ನಾಲ್ಕು ಪಟ್ಟು ಇರದಿದ್ದರೆ ಬೈಸೆಕ್ಟ್ ಶುರು ಮಾಡಲೇಬಾರದು. ಮೊದಲು ಏರುಪೇರು ತಗ್ಗಿಸಬೇಕು.

ಅದಕ್ಕೆ ಬೇಕಾದದ್ದು ಇಷ್ಟು. ಸಿಪಿಯುವಿನ ವೇಗ ನಿರ್ಧರಿಸುವ ಗವರ್ನರ್ ಅನ್ನು ಸಿಪಿಯು-ಪವರ್ ಕಮಾಂಡ್‌ನಿಂದ ಪರ್ಫಾರ್ಮೆನ್ಸ್‌ಗೆ ಇಡಿ. ಇಂಟೆಲ್‌ನಲ್ಲಿ ಪಿ-ಸ್ಟೇಟ್ ಡೈರೆಕ್ಟರಿಯ ನೋ-ಟರ್ಬೊ ಫೈಲಿಗೆ 1 ಬರೆಯಿರಿ, ಎಎಂಡಿಯಲ್ಲಿ ಬೂಸ್ಟ್ ಫೈಲಿಗೆ 0. ಟರ್ಬೊ (ತಾತ್ಕಾಲಿಕ ವೇಗವರ್ಧನೆ) ಆನ್ ಆಗಿಯೇ ಉಳಿಸಿದರೆ ಸಿಪಿಯುವಿನ ವೇಗ ಕೋಣೆಯ ಉಷ್ಣತೆಯನ್ನು ಹಿಂಬಾಲಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಎಸಿ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನ ಅಳೆದದ್ದನ್ನು ರಾತ್ರಿ ಅಳೆದದ್ದಕ್ಕೆ ಹೋಲಿಸಿದರೆ ಕಾಣುವುದು ಬಿಸಿಲಿನ ರಿಗ್ರೆಷನ್. ಎರಡು ಸಾಕೆಟ್‌ನ ಸರ್ವರ್ ಆದರೆ ನ್ಯೂಮಾಕಂಟ್ರೋಲ್‌ನಿಂದ ಸಿಪಿಯು ಮತ್ತು ಮೆಮೊರಿ ಎರಡನ್ನೂ ಒಂದೇ ನೋಡ್‌ಗೆ (ಒಂದು ಸಾಕೆಟ್ ಮತ್ತು ಅದರ ಹತ್ತಿರದ ಮೆಮೊರಿಗೆ) ಕಟ್ಟಿ. ಸಿಪಿಯು ಸಿಕ್ಕಿಬಿದ್ದಿದೆಯೇ ಎಂದು ಕಾವಲಿರುವ ಎನ್‌ಎಂಐ ವಾಚ್‌ಡಾಗ್ ಆಫ್ ಮಾಡಿ, ಅದು ಒಂದು ಹಾರ್ಡ್‌ವೇರ್ ಕೌಂಟರ್ (ಸಿಪಿಯುವಿನೊಳಗಿನ ಎಣಿಕೆ ಸಾಧನ) ಹಿಡಿದಿಟ್ಟುಕೊಂಡಿರುತ್ತದೆ. ಕೇಳಿದ ಇವೆಂಟ್‌ಗಳ ಸಂಖ್ಯೆ ಇರುವ ಕೌಂಟರ್‌ಗಳಿಗಿಂತ ಹೆಚ್ಚಾದರೆ ಪರ್ಫ್ ಸರದಿಯಲ್ಲಿ ಎಣಿಸಿ ಉಳಿದದ್ದನ್ನು ಅಂದಾಜು ಮಾಡುತ್ತದೆ. ಸಾಲಿನ ಕೊನೆಯಲ್ಲಿ ಕಾಣುವ ಶೇಕಡಾ ಅಂಕಿ ಇದರ ಸೂಚನೆ. ಅದನ್ನು ಕಂಡರೆ ಇವೆಂಟ್‌ಗಳನ್ನು ಕಡಿಮೆ ಮಾಡಿ.

ಇಷ್ಟಾದರೂ ಒಂದು ಏರುಪೇರು ಉಳಿಯುತ್ತದೆ: ಬೂಟ್‌ನಿಂದ ಬೂಟ್‌ಗೆ ಬರುವಂಥದ್ದು. ಒಂದೇ ಕರ್ನಲ್ ಪ್ರತಿ ಬೂಟ್‌ನಲ್ಲಿ ಮೆಮೊರಿಯ ಪುಟಗಳನ್ನು ಬೇರೆ ಬೇರೆ ಭೌತಿಕ ವಿಳಾಸಗಳಲ್ಲಿ ಹಂಚುತ್ತದೆ, ಕ್ಯಾಶ್‌ನಲ್ಲಿ ಅವು ಬೀಳುವ ಜಾಗವೂ ಬದಲಾಗುತ್ತದೆ. ಒಂದೇ ಬೂಟ್‌ನಲ್ಲಿ ಮೂವತ್ತು ಸಲ ಅಳೆದರೂ ಇದು ಕಾಣುವುದಿಲ್ಲ. ಮೂರು ಬೂಟ್‌ಗಳಲ್ಲಿ ಹತ್ತು ಹತ್ತು ಸಲ ಅಳೆದರೆ ಕಾಣುತ್ತದೆ.

ಬೈಸೆಕ್ಟ್‌ಗೆ ಮುಂಚೆ ಇನ್ನೊಂದು ಕಡ್ಡಾಯ ಪರಿಶೀಲನೆ: ಬದಲಾದದ್ದು ನಿಜಕ್ಕೂ ಕೋಡ್ ಹೌದೇ? ಡಿಸ್ಟ್ರೋದವರು ಆವೃತ್ತಿಯ ಜೊತೆ ಕಾನ್ಫಿಗ್ (ಬಿಲ್ಡ್ ಆಯ್ಕೆಗಳ ಪಟ್ಟಿ) ಮತ್ತು ಕಂಪೈಲರ್ ಎರಡನ್ನೂ ಬದಲಿಸಿರಬಹುದು. ಸೋರ್ಸ್‌ನ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ಡಿಫ್‌ಕಾನ್ಫಿಗ್‌ನಿಂದ ಎರಡೂ ಕಾನ್ಫಿಗ್ ಫೈಲುಗಳನ್ನು ಹೋಲಿಸಿ. ಲಾಕ್‌ಡೆಪ್, ಕೆಎಸಾನ್‌ನಂಥ ಡಿಬಗ್ ಆಯ್ಕೆ ಹೊಸದಾಗಿ ಆನ್ ಆಗಿದ್ದರೆ ಅಪರಾಧಿ ಸಿಕ್ಕಂತೆ. ಸಿಪಿಯು ಡೈರೆಕ್ಟರಿಯ ವಲ್ನರಬಿಲಿಟೀಸ್ ಫೈಲುಗಳನ್ನೂ ಎರಡೂ ಕರ್ನಲ್‌ಗಳಲ್ಲಿ ಓದಿ. ಸಿಪಿಯು ದೋಷವೊಂದಕ್ಕೆ ಹೊಸ ರಕ್ಷಣೆ ಸೇರಿದ್ದರೆ ನಿಧಾನವಾದದ್ದು ಬೇಕೆಂದೇ ಆದದ್ದು, ಅದನ್ನು ಬೈಸೆಕ್ಟ್ ಮಾಡಿ ವರದಿ ಕೊಟ್ಟು ಪ್ರಯೋಜನವಿಲ್ಲ.

ಪರ್ಫ್ ಏನು ಹೇಳುತ್ತದೆ

ಎರಡೂ ಕರ್ನಲ್‌ಗಳಲ್ಲಿ ಒಂದೇ ಪ್ರಮಾಣದ ಕೆಲಸಕ್ಕೆ ಸೈಕಲ್ಸ್ (ಸಿಪಿಯುವಿನ ಗಡಿಯಾರದ ಬಡಿತ), ಇನ್‌ಸ್ಟ್ರಕ್ಷನ್ಸ್ (ಓಡಿಸಿದ ಆದೇಶ), ಕಾಂಟೆಕ್ಸ್ಟ್ ಸ್ವಿಚ್ (ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಜಿಗಿತ) ಈ ಮೂರನ್ನು ನೋಡಿದರೆ ಅರ್ಧ ದಾರಿ ಮುಗಿದಂತೆ. ಇನ್‌ಸ್ಟ್ರಕ್ಷನ್ಸ್ ಹೆಚ್ಚಾಗಿದ್ದರೆ ಕರ್ನಲ್ ಹೆಚ್ಚು ಕೋಡ್ ಓಡಿಸುತ್ತಿದೆ: ಹೊಸ ಪರಿಶೀಲನೆ, ಉದ್ದವಾದ ಲೂಪ್, ಫಾಸ್ಟ್ ಪಾತ್ ತಪ್ಪಿ ಸ್ಲೋ ಪಾತ್‌ಗೆ ಬಿದ್ದದ್ದು. ಇನ್‌ಸ್ಟ್ರಕ್ಷನ್ಸ್ ಅಷ್ಟೇ ಇದ್ದು ಸೈಕಲ್ಸ್ ಏರಿದ್ದರೆ ಕ್ಯಾಶ್, ಟಿಎಲ್‌ಬಿ (ಮೆಮೊರಿ ವಿಳಾಸಗಳ ಕ್ಯಾಶ್), ಅಥವಾ ಕೋರ್‌ಗಳ ನಡುವಿನ ಕ್ಯಾಶ್‌ಲೈನ್ ಎಳೆದಾಟ. ಎರಡೂ ಏರಿಲ್ಲ, ಆದರೂ ಸಮಯ ಹೆಚ್ಚಾಗಿದೆ ಎಂದರೆ ಸಿಪಿಯು ಸುಮ್ಮನೆ ಕೂತಿದೆ, ಪ್ರೊಸೆಸ್‌ಗಳು ಯಾವುದಕ್ಕೋ ಕಾಯುತ್ತಿವೆ. ಮೂರನೆಯದಕ್ಕೆ ಪರ್ಫ್ ರೆಕಾರ್ಡ್ ಓಡಿಸಿದರೆ ಬರಿ ಐಡಲ್ ಕಾಣುತ್ತದೆ. ಅಲ್ಲಿ ಕಾಯುವ ಸಮಯ ಅಳೆಯುವ ಪರ್ಫ್ ಶೆಡ್, ಬಿಸಿಸಿ ಸಾಧನಸಂಗ್ರಹದ ಆಫ್‌ಸಿಪಿಯುಟೈಮ್ ಕೈಗೆತ್ತಿಕೊಳ್ಳಬೇಕು.

ಮೂರನೇ ಬಗೆಗೆ ಒಳ್ಳೆಯ ಉದಾಹರಣೆ 2020ರದ್ದು. ಕರ್ನಲ್ 5.9ರ ಬೆಳವಣಿಗೆಯ ಹೊತ್ತಿನಲ್ಲಿ ಲಿನಕ್ಸ್ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಮೆಮೊರಿ ಪುಟದ ಲಾಕ್‌ಗೆ (ಒಂದು ಹೊತ್ತಿಗೆ ಒಬ್ಬರೇ ಬಳಸಲೆಂದು ಹಾಕುವ ಬೀಗಕ್ಕೆ) ಕಾಯುವ ಕೋಡನ್ನು ಹೊಸದಾಗಿ ಬರೆದರು. ಮೊದಲು, ಕಾದವರನ್ನು ಎಬ್ಬಿಸುವಷ್ಟರಲ್ಲಿ ಆಗಲೇ ಓಡುತ್ತಿರುವ ಇನ್ನೊಂದು ಪ್ರೊಸೆಸ್ ಲಾಕ್ ಕಸಿದುಕೊಳ್ಳಬಹುದಿತ್ತು. ಹೊಸ ಕೋಡ್ ಸರದಿ ತಪ್ಪದಂತೆ ಕಾದವರ ಕೈಗೇ ನೇರವಾಗಿ ಲಾಕ್ ಕೊಡುತ್ತಿತ್ತು. ನ್ಯಾಯವೇನೋ ಸಿಕ್ಕಿತು, ಆದರೆ ಲಾಕ್ ಪಡೆದ ಪ್ರೊಸೆಸ್ ಇನ್ನೂ ಎದ್ದು ಸಿಪಿಯುವಿಗೆ ಬರಬೇಕಿತ್ತು. ಅಲ್ಲಿಯವರೆಗೆ ಲಾಕ್ ಯಾರಿಗೂ ಉಪಯೋಗವಿಲ್ಲದೆ ಹಿಡಿದಿಟ್ಟಂತೆ. ಲಿನಕ್ಸ್ ಬೆಂಚ್‌ಮಾರ್ಕ್ ತಾಣ ಫೊರಾನಿಕ್ಸ್‌ನ ಮೈಕೆಲ್ ಲಾರಬೆಲ್ ಬೈಸೆಕ್ಟ್ ಮಾಡಿ ಈ ಕಮಿಟ್ ಹಿಡಿದರು. 5.9 ಹೊರಬರುವ ಮೊದಲೇ ಪರಿಹಾರ ಬಂತು: ಮಿತಿಯೊಳಗೆ ಕಸಿಯಲು ಬಿಡುವುದು. ಆ ಮಿತಿ ಈಗಲೂ ಪೇಜ್-ಲಾಕ್-ಅನ್‌ಫೇರ್‌ನೆಸ್ ಎಂಬ ಸಿಸ್‌ಕಂಟ್ರೋಲ್ ಆಗಿ ಇದೆ, ಡೀಫಾಲ್ಟ್ 5. ಸಿಪಿಯು ಪ್ರೊಫೈಲ್ ಮಾತ್ರ ನೋಡುವವರಿಗೆ ಇಂಥದ್ದು ಸುಲಭಕ್ಕೆ ಸಿಗುವುದಿಲ್ಲ.

ಮೊದಲ ಎರಡು ಬಗೆಗಳಿಗೆ ಪರ್ಫ್ ರೆಕಾರ್ಡ್ ಸಾಕು. ಇಡೀ ಸಿಸ್ಟಂಗೆ 'ಎ', ಕಾಲ್ ಗ್ರಾಫ್‌ಗೆ 'ಜಿ', ಸೆಕೆಂಡಿಗೆ 997 ಮಾದರಿ, ಮೂವತ್ತು ಸೆಕೆಂಡ್. 1000 ಬಿಟ್ಟು 997 ಹಾಕುವುದು ಟೈಮರ್‌ನ ಲಯದೊಂದಿಗೆ ಮಾದರಿಗಳು ತಾಳ ಹಾಕದಿರಲೆಂದು. ಪರ್ಫ್ ರಿಪೋರ್ಟ್ ತೆರೆಯುವಾಗ ನೋ-ಚಿಲ್ಡ್ರನ್ ಆಯ್ಕೆ ಕೊಡಿ, ಇಲ್ಲವಾದರೆ ಮೇಲಿನ ಒಂದು ಪುಟ ಪೂರ್ತಿ ಸಿಸ್ಟಂ ಕಾಲ್‌ನ ಪ್ರವೇಶ ಫಂಕ್ಷನ್‌ಗಳೇ ತುಂಬಿರುತ್ತವೆ.

ಕ್ಲೌಡ್‌ನ ವರ್ಚುವಲ್ ಯಂತ್ರಗಳಲ್ಲಿ ಇದು ಸೋಲುತ್ತದೆ. ಅನೇಕ ಕಡೆ ಹಾರ್ಡ್‌ವೇರ್ ಕೌಂಟರ್‌ಗಳನ್ನು ಒಳಗಿನ ಯಂತ್ರಕ್ಕೆ ಬಿಟ್ಟಿರುವುದಿಲ್ಲ. ಆಗ ಪರ್ಫ್ ಸದ್ದಿಲ್ಲದೆ ಟೈಮರ್ ಆಧಾರಿತ ಸಿಪಿಯು-ಕ್ಲಾಕ್‌ಗೆ ಇಳಿಯುತ್ತದೆ. ಇಂಟರಪ್ಟ್ (ಸಿಪಿಯುವಿನ ಕೆಲಸ ತಡೆದು ಕರೆಯುವ ಸಂಕೇತ) ಮುಚ್ಚಿದ ಭಾಗದಲ್ಲಿ ಟೈಮರ್ ಬಡಿಯಲಾಗದ ಕಾರಣ ಅಲ್ಲಿನ ಸಮಯವೆಲ್ಲ ಇಂಟರಪ್ಟ್ ಮತ್ತೆ ತೆರೆದ ಸಾಲಿನ ಲೆಕ್ಕಕ್ಕೆ ಬೀಳುತ್ತದೆ. ಪಟ್ಟಿಯ ತುದಿಯಲ್ಲಿ ಇಂಟರಪ್ಟ್ ಮತ್ತೆ ತೆರೆಯುವ ಸ್ಪಿನ್ ಅನ್‌ಲಾಕ್ ಐಆರ್‌ಕ್ಯೂ ರಿಸ್ಟೋರ್ ಕಂಡರೆ ಅದು ದೋಷಿಯಲ್ಲ. ಅದಕ್ಕೂ ಮುಂಚಿನ ಕೋಡ್ ನೋಡಬೇಕು. ಖಚಿತ ಸಾಲು ಬೇಕಾದರೆ ಬೇರ್ ಮೆಟಲ್‌ನಲ್ಲಿ (ವರ್ಚುವಲ್ ಅಲ್ಲದ ನೇರ ಯಂತ್ರದಲ್ಲಿ) ಹಾರ್ಡ್‌ವೇರೇ ನಿಖರ ಮಾದರಿ ಹಿಡಿಯುವ ಇಂಟೆಲ್‌ನ ಪೆಬ್ಸ್ ಅಥವಾ ಎಎಂಡಿಯ ಐಬಿಎಸ್ ಬಳಸಿ ಅಳೆಯುವುದೊಂದೇ ದಾರಿ.

ಪರ್ಫ್ ಡಿಫ್ ಎರಡು ಪ್ರೊಫೈಲ್‌ಗಳನ್ನು ಪಕ್ಕಪಕ್ಕ ಇಟ್ಟು ಯಾವ ಫಂಕ್ಷನ್‌ನ ಪಾಲು ಎಷ್ಟು ಏರಿತು ಎಂದು ತೋರಿಸುತ್ತದೆ. ಕೊರತೆ ಎರಡು. ಒಂದು, ಡೀಫಾಲ್ಟ್ ಆಗಿ ಅದು ಹೋಲಿಸುವುದು ಪಾಲನ್ನು, ಒಟ್ಟು ಖರ್ಚನ್ನಲ್ಲ. ಎಲ್ಲವೂ ಸಮನಾಗಿ ನಿಧಾನವಾಗಿದ್ದರೆ ವ್ಯತ್ಯಾಸ ಸೊನ್ನೆ ಎಂದೇ ತೋರುತ್ತದೆ. ಇನ್ನೊಂದು, ಫಂಕ್ಷನ್‌ಗಳನ್ನು ಹೆಸರಿನಿಂದ ಜೋಡಿಸುತ್ತದೆ. ಕಂಪೈಲರ್ ಒಂದು ಕರ್ನಲ್‌ನಲ್ಲಿ ಫಂಕ್ಷನನ್ನು ಇನ್‌ಲೈನ್ ಮಾಡಿ (ಕರೆದ ಜಾಗದಲ್ಲೇ ಬೆಸೆದು) ಇನ್ನೊಂದರಲ್ಲಿ ಬಿಟ್ಟಿದ್ದರೆ, ಅಥವಾ ಹೆಸರಿಗೆ ಐಸ್ರಾ, ಕಾನ್ಸ್‌ಟ್‌ಪ್ರಾಪ್ ಬಾಲ ಸೇರಿಸಿದ್ದರೆ ಒಂದು ಮಾಯವಾಗಿ ಇನ್ನೊಂದು ಹುಟ್ಟಿದಂತೆ ಕಾಣುತ್ತದೆ. ಪ್ರತಿ ಫಂಕ್ಷನ್‌ನ ಶೇಕಡಾ ಪಾಲನ್ನು ಪರ್ಫ್ ಸ್ಟ್ಯಾಟ್‌ನ ಒಟ್ಟು ಸೈಕಲ್ಸ್‌ನಿಂದ ಗುಣಿಸಿ, ಮಾಡಿದ ಕೆಲಸಗಳ ಸಂಖ್ಯೆಯಿಂದ ಭಾಗಿಸಿ. ಬರುವ 'ಒಂದು ಕೆಲಸಕ್ಕೆ ಇಷ್ಟು ಸೈಕಲ್' ಎಂಬ ಅಂಕಿ ಮೋಸ ಮಾಡುವುದಿಲ್ಲ. ಪರ್ಫ್ ಡಿಫ್ ಈ ಲೆಕ್ಕವನ್ನು ತಾನೇ ಮಾಡಿ ಕೊಡಬೇಕಿತ್ತು.

ಸಿ2ಸಿ ಬಗ್ಗೆ ಮಾತ್ರ ಮನಸಾರೆ ಹೊಗಳಬೇಕು. ಎರಡು ಕೋರ್‌ಗಳು ಬೇರೆ ಬೇರೆ ವೇರಿಯಬಲ್‌ಗಳನ್ನೇ ಮುಟ್ಟುತ್ತಿದ್ದರೂ ಅವು ಒಂದೇ 64 ಬೈಟ್‌ನ ಕ್ಯಾಶ್‌ಲೈನ್‌ನಲ್ಲಿ ಕೂತಿದ್ದರೆ ಆ ಲೈನ್ ಕೋರ್‌ನಿಂದ ಕೋರ್‌ಗೆ ಅಲೆದಾಡುತ್ತದೆ. ಸ್ಟ್ರಕ್ಟ್ (ಡೇಟಾ ರಚನೆ) ಒಂದಕ್ಕೆ ಎಂಟು ಬೈಟ್‌ನ ಹೊಸ ಸದಸ್ಯ ಸೇರಿಸಿದ ಕಮಿಟ್ ಉಳಿದ ಸದಸ್ಯರನ್ನು ಆಚೆಗೆ ತಳ್ಳಿ ಇಂಥ ಫಾಲ್ಸ್ ಶೇರಿಂಗ್ ಹುಟ್ಟಿಸುವುದು ಕರ್ನಲ್‌ನಲ್ಲಿ ಮತ್ತೆ ಮತ್ತೆ ಆಗಿದೆ. ಸಿ2ಸಿ ರಿಪೋರ್ಟ್ ಯಾವ ಲೈನ್, ಅದರೊಳಗೆ ಯಾವ ಆಫ್‌ಸೆಟ್, ಯಾವ ಫಂಕ್ಷನ್ ಓದಿತು, ಯಾವುದು ಬರೆಯಿತು ಎಂಬುದನ್ನೆಲ್ಲ ಒಂದೇ ಕೋಷ್ಟಕದಲ್ಲಿ ಇಡುತ್ತದೆ. ಹಿಟ್‌ಎಂ (ಬೇರೆ ಕೋರ್ ಬದಲಿಸಿದ ಲೈನ್ ಮುಟ್ಟಿದ ಎಣಿಕೆ) ಕಾಲಂ ಮೊದಲು ನೋಡಿ, ಆಮೇಲೆ ಪಾಹೋಲ್ ಸಾಧನದಿಂದ ಸ್ಟ್ರಕ್ಟ್‌ನ ವಿನ್ಯಾಸ ತೆರೆದು ಆಫ್‌ಸೆಟ್‌ಗೆ ಹೊಂದಿಸಿ.

ಬೈಸೆಕ್ಟ್

ಶುರುವಿನಲ್ಲೇ ಹಳೆಯದಕ್ಕೆ 'ಫಾಸ್ಟ್', ಹೊಸದಕ್ಕೆ 'ಸ್ಲೋ' ಎಂದು ಪದ ಬದಲಿಸಿಕೊಳ್ಳಿ, ಟರ್ಮ್-ಓಲ್ಡ್ ಮತ್ತು ಟರ್ಮ್-ನ್ಯೂ ಆಯ್ಕೆಗಳು ಅದಕ್ಕೇ ಇವೆ. ಗುಡ್, ಬ್ಯಾಡ್ ಬಳಸಿ ನಡುರಾತ್ರಿ ತಿರುಗಾಮುರುಗಾ ಒತ್ತುವುದು ಇದರಿಂದ ತಪ್ಪುತ್ತದೆ. ಎರಡೂ ಸರಾಸರಿಗಳ ನಟ್ಟನಡುವೆ ಗೆರೆ ಎಳೆಯಿರಿ. ಫಲಿತಾಂಶ ಗೆರೆಯ ಹತ್ತಿರ ಬಂದರೆ ಮತ್ತೆ ಬೂಟ್ ಮಾಡಿ ಅಳೆಯಿರಿ, ಊಹಿಸಬೇಡಿ. ಮತ್ತೆ ಮತ್ತೆ ಅಳೆದರೂ ನಡುವಿನ ಅಂಕಿಯೇ ಬಂದರೆ ಅಪರಾಧಿ ಒಂದಲ್ಲ, ಎರಡು ಕಮಿಟ್‌ಗಳು ಸೇರಿ ಈ ನಿಧಾನ ಆಗಿದೆ. ಆಗ ಬೈಸೆಕ್ಟ್ ಎರಡು ಬಾರಿ, ಎರಡು ಬೇರೆ ಗೆರೆಗಳೊಂದಿಗೆ ಮಾಡಬೇಕು.

ಬಿಲ್ಡ್‌ನಲ್ಲಿ ಎಡವುವ ಜಾಗಗಳು ಗೊತ್ತಿದ್ದರೆ ದಿನ ಉಳಿಯುತ್ತದೆ. ಡಿಸ್ಟ್ರೋದ ಪೂರ್ಣ ಕಾನ್ಫಿಗ್ ಇಟ್ಟರೆ ಪ್ರತಿ ಬಿಲ್ಡ್ ಬಹಳ ಉದ್ದ. ಬೇಕಾದ ಸಾಧನಗಳನ್ನೆಲ್ಲ ಸಿಕ್ಕಿಸಿ ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸುವ ಲೋಕಲ್‌ಮಾಡ್‌ಕಾನ್ಫಿಗ್ ಒಮ್ಮೆ ಓಡಿಸಿ ಚಿಕ್ಕದು ಮಾಡಿಕೊಳ್ಳಿ. ಆ ಕಾನ್ಫಿಗ್‌ನ ಮೂಲ ಪ್ರತಿಯನ್ನು ಸೋರ್ಸ್ ಡೈರೆಕ್ಟರಿಯ ಹೊರಗಿಟ್ಟು ಪ್ರತಿ ಹೆಜ್ಜೆಯಲ್ಲೂ ಅದನ್ನೇ ನಕಲು ಮಾಡಿ, ಹೊಸ ಆಯ್ಕೆಗಳಿಗೆ ಡೀಫಾಲ್ಟ್ ತುಂಬುವ ಓಲ್ಡ್‌ಡೆಫ್‌ಕಾನ್ಫಿಗ್ ಕೊಡಿ. ಹಿಂದಿನ ಹೆಜ್ಜೆಯ ಕಾನ್ಫಿಗನ್ನೇ ಮುಂದುವರಿಸಿದರೆ, ಹಳೆಯ ಕಮಿಟ್‌ಗೆ ಹೋದಾಗ ಅಲ್ಲಿಲ್ಲದ ಆಯ್ಕೆಗಳು ಉದುರಿಹೋಗುತ್ತವೆ, ಮುಂದಕ್ಕೆ ಬಂದಾಗ ಡೀಫಾಲ್ಟ್ ಆಗಿ ಮರಳುತ್ತವೆ. ಅಳೆಯುತ್ತಿರುವುದು ಕಾನ್ಫಿಗ್‌ನ ವ್ಯತ್ಯಾಸ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಉಬುಂಟುವಿನ ಕಾನ್ಫಿಗ್ ಎತ್ತಿಕೊಂಡವರು ಸಿಸ್ಟಂ ಟ್ರಸ್ಟೆಡ್ ಕೀಸ್ ಮತ್ತು ರಿವೊಕೇಷನ್ ಕೀಸ್ ಎರಡನ್ನೂ ಖಾಲಿ ಮಾಡಬೇಕು, ಇಲ್ಲವಾದರೆ ಸರ್ಟಿಫಿಕೇಟ್ ಫೈಲ್ ಸಿಗದೆ ಬಿಲ್ಡ್ ನಿಲ್ಲುತ್ತದೆ. ಬೂಟ್ ಪಾರ್ಟಿಷನ್ ಐದಾರು ಕರ್ನಲ್‌ಗಳಿಗೇ ತುಂಬಿಹೋಗಬಹುದು, ಮುಗಿದ ಹೆಜ್ಜೆಯದ್ದನ್ನು ಅಳಿಸುತ್ತಾ ಹೋಗಿ. ಬಿಲ್ಡ್ ಆಗದ ಕಮಿಟ್‌ಗೆ ಸ್ಕಿಪ್ ಕೊಡಿ. ಬೈಸೆಕ್ಟ್ ಲಾಗ್ ಅನ್ನು ಪ್ರತಿ ಹೆಜ್ಜೆಗೂ ಫೈಲಿಗೆ ಉಳಿಸಿ. ಒಂದು ಹೆಜ್ಜೆ ಅನುಮಾನಕ್ಕೆ ಬಂದರೆ ಆ ಸಾಲು ತಿದ್ದಿ ರಿಪ್ಲೇ ಮಾಡಿದರೆ ಅಲ್ಲಿಂದ ಮುಂದುವರಿಯಬಹುದು.

ಬೈಸೆಕ್ಟ್ ರನ್‌ಗೆ ಸ್ಕ್ರಿಪ್ಟ್ ಕೊಟ್ಟರೆ ಎಲ್ಲ ತಾನೇ ನಡೆಯುತ್ತದೆ: 0 ಮರಳಿಸಿದರೆ ವೇಗ, 125 ಅಂದರೆ ಸ್ಕಿಪ್, 1ರಿಂದ 127ರೊಳಗಿನ ಉಳಿದದ್ದು ನಿಧಾನ, ಅದಕ್ಕೂ ಮೇಲಾದರೆ ಬೈಸೆಕ್ಟ್ ನಿಲ್ಲುತ್ತದೆ. ಆದರೆ ಕರ್ನಲ್‌ಗೆ ರೀಬೂಟ್ ಬೇಕಾದ್ದರಿಂದ ಒಂದೇ ಯಂತ್ರದಲ್ಲಿ ಇದು ನೇರವಾಗಿ ಆಗದು. ಬಿಲ್ಡ್‌ಗೆ ಒಂದು, ಪರೀಕ್ಷೆಗೆ ಒಂದು ಯಂತ್ರವಿಟ್ಟು ಎಸ್‌ಎಸ್‌ಎಚ್ ಮೂಲಕ ಕೆಎಕ್ಸೆಕ್ (ಯಂತ್ರ ಆಫ್ ಮಾಡದೆ ನೇರವಾಗಿ ಹೊಸ ಕರ್ನಲ್‌ಗೆ ಹಾರುವುದು) ಮಾಡುವುದು ಚೆನ್ನ. ಒಂದೇ ಯಂತ್ರವಿದ್ದರೆ ಬಿಲ್ಡ್ ಮಾಡಿದ ಕರ್ನಲನ್ನು ವರ್ಚುವಲ್ ಯಂತ್ರದಲ್ಲಿ ಬೂಟ್ ಮಾಡುವ ವರ್ಟ್‌ಮಿ-ಎನ್‌ಜಿ ಇದೆ, ಸಿಸ್ಟಂ ಕಾಲ್ ದಾರಿಯ ನಿಧಾನಗತಿಗೆ ಅದು ಸಾಕು. ಕ್ಯಾಶ್, ನ್ಯೂಮಾ ವಿಷಯಕ್ಕೆ ನೆಚ್ಚಬೇಡಿ.

ಇಂಟೆಲ್‌ನ ಕರ್ನಲ್ ಟೆಸ್ಟ್ ರೋಬಾಟ್

ಇದೇ ಕೆಲಸವನ್ನು ಹಗಲಿರುಳು ಮಾಡುವ ಸೇವೆ ಇದು. ಕಮಿಟ್ ಮತ್ತು ಅದರ ತಾಯಿ ಕಮಿಟ್ (ಅದರ ಬೆನ್ನಹಿಂದಿನದು) ಎರಡನ್ನೂ ಅಳೆದು, ಏರುಪೇರು ಮತ್ತು ಬದಲಾವಣೆಯ ಶೇಕಡಾವಾರು ಸಮೇತ ಉದ್ದನೆಯ ಕೋಷ್ಟಕ ಕಳಿಸುತ್ತದೆ. ಮತ್ತೆ ಓಡಿಸಲು ಬೇಕಾದ ಜಾಬ್ ಫೈಲ್, ಕಾನ್ಫಿಗ್ ಎಲ್ಲವೂ ಅದರಲ್ಲೇ ಇರುತ್ತವೆ. ಓಡಿಸುವ ಎಲ್‌ಕೆಪಿ-ಟೆಸ್ಟ್ಸ್ ಕೂಡ ಮುಕ್ತ ಸೋರ್ಸ್. ಗುಣಮಟ್ಟ ತುಂಬಾ ಒಳ್ಳೆಯದು. ಓದುವಾಗ ಮಾತ್ರ ಎರಡು ಎಚ್ಚರ ಬೇಕು.

ಬೆಂಚ್‌ಮಾರ್ಕ್‌ನ ಅಂಕಿ ಅಪ್ಲಿಕೇಷನ್‌ನ ಅಂಕಿ ಅಲ್ಲ ಎಂಬುದು ಮೊದಲನೆಯದು. ಕರ್ನಲ್ 6.7ರಲ್ಲಿ ಬಂದ ಒಂದು ಬದಲಾವಣೆ 2 ಎಂಬಿ ಅಥವಾ ಅದಕ್ಕಿಂತ ದೊಡ್ಡ ಅನಾಮಿಕ (ಯಾವ ಫೈಲಿಗೂ ಸೇರದ) ಮೆಮೊರಿ ಮ್ಯಾಪಿಂಗ್‌ಗಳನ್ನೆಲ್ಲ 2 ಎಂಬಿ ಗಡಿಗೆ ಹೊಂದಿಸತೊಡಗಿತು, ದೊಡ್ಡ ಪುಟಗಳ ಲಾಭ ಸಿಗಲೆಂದು. ಸ್ಪೆಕ್ ಎಂಬ ಪರೀಕ್ಷಾ ಸಂಗ್ರಹದ ಕ್ಯಾಕ್ಟಸ್ ಬೆಂಚ್‌ಮಾರ್ಕ್ 4632 ಕೆಬಿಯ ಮ್ಯಾಪಿಂಗ್‌ಗಳನ್ನು ರಾಶಿರಾಶಿ ಮಾಡುತ್ತದೆ. ಮೊದಲು ಅವು ಒಂದಕ್ಕೊಂದು ಅಂಟಿ ಒಂದೇ ದೊಡ್ಡ ಪ್ರದೇಶ ಆಗುತ್ತಿದ್ದವು, ಈಗ ನಡುನಡುವೆ ಖಾಲಿ ಜಾಗ ಬಿದ್ದು ಚೂರಾದವು. ಕೆಲವು ಯಂತ್ರಗಳಲ್ಲಿ ಶೇ. 600ರವರೆಗೆ ನಿಧಾನವಾಯಿತು. 2024ರಲ್ಲಿ ಕರ್ನಲ್ ಡೆವಲಪರ್ ವ್ಲಾಸ್ಟಿಮಿಲ್ ಬಾಬ್ಕಾ ಅವರ ಕಮಿಟ್ ಈ ಹೊಂದಿಕೆಯನ್ನು 2 ಎಂಬಿಯ ಗುಣಕಗಳಾದ ಗಾತ್ರಗಳಿಗಷ್ಟೇ ಸೀಮಿತಗೊಳಿಸಿತು. ಅದಕ್ಕೆ ರೋಬಾಟ್ ವರದಿ ಮಾಡಿದ ಸುಧಾರಣೆ ಶೇ. 3888.9, ವಿಲ್-ಇಟ್-ಸ್ಕೇಲ್‌ನ ಮ್ಯಾಲಾಕ್1 ಪರೀಕ್ಷೆಯಲ್ಲಿ. ಒಂದೇ ಕೆಲಸವನ್ನು ಲೂಪ್‌ನಲ್ಲಿ ಮಾಡುವ ಪುಟ್ಟ ಪರೀಕ್ಷೆಯ ಅಂಕಿ ಅದು. ನಿಮ್ಮ ಸರ್ವರ್ ಸುಮಾರು ನಲವತ್ತು ಪಟ್ಟು ವೇಗವಾಯಿತು ಎಂದಲ್ಲ. ಕಮಿಟ್ ಹಿಡಿಯಲು ಇಂಥ ಸೂಕ್ಷ್ಮ ಪರೀಕ್ಷೆ ಬೇಕೇ ಬೇಕು, ಪರಿಣಾಮ ಎಷ್ಟೆಂದು ತಿಳಿಯಲು ನಿಜವಾದ ಲೋಡ್ ಬೇಕು.

ಎರಡನೆಯದು, ಸಂಬಂಧವೇ ಇಲ್ಲದ ಕಮಿಟ್ ಮೇಲೆ ಬರುವ ಆರೋಪ. ಪರೀಕ್ಷೆ ಮುಟ್ಟದ ಯಾವುದೋ ಡ್ರೈವರ್‌ನಲ್ಲಿ ಹತ್ತು ಸಾಲು ಸೇರಿಸಿದರೂ ಅದರ ನಂತರ ಲಿಂಕ್ ಆದ ಫಂಕ್ಷನ್‌ಗಳ ವಿಳಾಸ ಜರುಗಿ, ಬಿಸಿ ಲೂಪ್ ಒಂದು ಕ್ಯಾಶ್‌ಲೈನ್‌ನ ಗಡಿ ದಾಟಬಹುದು. ಇದನ್ನು ಪರೀಕ್ಷಿಸಲು ಕರ್ನಲ್‌ನಲ್ಲೇ ಎಲ್ಲ ಫಂಕ್ಷನ್‌ಗಳನ್ನು 64 ಬೈಟ್‌ಗೆ ಹೊಂದಿಸುವ ಡಿಬಗ್ ಆಯ್ಕೆ ಇದೆ. ಅದನ್ನು ಆನ್ ಮಾಡಿ ತಾಯಿ ಕಮಿಟ್, ಮಗು ಕಮಿಟ್ ಎರಡನ್ನೂ ಮತ್ತೆ ಅಳೆಯಿರಿ. ವ್ಯತ್ಯಾಸ ಮಾಯವಾದರೆ ಆ ಕಮಿಟ್ ಬರೆದವರದ್ದು ತಪ್ಪಿಲ್ಲ.

ಯಾವ ದಾರಿಯಿಂದ ಬಂದರೂ ವರದಿ ಕಳಿಸುವ ಮುನ್ನ ಇತ್ತೀಚಿನ ಕರ್ನಲ್ ಮೇಲೆ ಆ ಒಂದು ಕಮಿಟನ್ನು ರಿವರ್ಟ್ ಮಾಡಿ (ಹಿಂತೆಗೆದು), ಕೆಎಕ್ಸೆಕ್ ಬಿಟ್ಟು ಪೂರ್ತಿ ಆಫ್ ಮಾಡಿ ಬೂಟ್ ಮಾಡಿ ಅಳೆಯಿರಿ. ರಿವರ್ಟ್‌ಗೆ ಕಾನ್‌ಫ್ಲಿಕ್ಟ್ ಬಂದರೆ ಕಮಿಟ್ ಮತ್ತು ಅದರ ತಾಯಿ ಎರಡನ್ನೇ ಮೂರು ಮೂರು ಬೂಟ್‌ಗಳಲ್ಲಿ ಅಳೆದು ಅಂಕಿಗಳನ್ನು ಏರುಪೇರಿನ ಸಮೇತ ಕೊಡಿ. ಬೈಸೆಕ್ಟ್ ಎರಡು ಶಾಖೆಗಳನ್ನು ಸೇರಿಸುವ ಮರ್ಜ್ ಕಮಿಟ್‌ನಲ್ಲಿ ನಿಂತರೆ ಅದರ ಇಬ್ಬರು ತಾಯಂದಿರನ್ನೂ ಬೇರೆ ಬೇರೆ ಅಳೆಯಬೇಕು. ಎರಡೂ ವೇಗವಾಗಿಯೇ ಇದ್ದರೆ ಎರಡು ಶಾಖೆಗಳ ಬದಲಾವಣೆಗಳು ಸೇರಿದಾಗ ಮಾತ್ರ ಹುಟ್ಟಿದ ರಿಗ್ರೆಷನ್ ಅದು. ವರದಿಯಲ್ಲಿ ಕರ್ನಲ್ ರಿಗ್ರೆಷನ್‌ಗಳ ಲೆಕ್ಕ ಇಡುವ ರೆಗ್ಝ್‌ಬಾಟ್‌ಗೆ 'ಇಂಟ್ರೊಡ್ಯೂಸ್ಡ್' ಸಾಲು, ಸಿಪಿಯು ಮಾದರಿ, ಕಾನ್ಫಿಗ್, ಪರ್ಫ್ ಸ್ಟ್ಯಾಟ್‌ನ ಎರಡೂ ಔಟ್‌ಪುಟ್, ಬೈಸೆಕ್ಟ್ ಲಾಗ್ ಇಷ್ಟಿದ್ದರೆ ಮೇಂಟೇನರ್‌ಗಳು ತಿರುಗಿ ಪ್ರಶ್ನೆ ಕೇಳುವ ಪ್ರಸಂಗ ಬರುವುದು ಅಪರೂಪ.